ಮೂವತ್ತು ಮಣಿಯ ಚೆಂಡಿನಿಂದ ಪುಸ್ತಕದವರೆಗೆ

ಕಾಸರಗೋಡಿನ ಕಡೆಯ ಅನೇಕರಿಗೆ ಮಣಿ ಹೆಣಿಗೆಯ ಪರಿಚಯ ಆಗುವುದು ಶಾಲೆಯ ವೃತ್ತಿ ಪರಿಚಯ ಮೇಳದಿಂದ. ಕೇರಳದ ಶಾಲೆಗಳಲ್ಲಿ ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂದು ಹಂತಹಂತವಾಗಿ ನಡೆಯುವ ಈ ಮೇಳದಲ್ಲಿ ಕೊಡೆ ತಯಾರಿ, ಚಾಕ್ ತಯಾರಿ, ಗೆರಟೆಯ ಕೆಲಸ ಇವುಗಳ ಸಾಲಿನಲ್ಲಿ ಬೀಡ್ಸ್ ವರ್ಕ್ ಕೂಡ ಒಂದು ಪ್ರತ್ಯೇಕ ವಿಭಾಗ. ಮೂರು ಗಂಟೆಯೊಳಗೆ ಸ್ಥಳದಲ್ಲೇ ಕುಳಿತು ಮಾಡಿ ತೋರಿಸಬೇಕು. ಕುಂಬಳೆ, ಮಂಜೇಶ್ವರ ಉಪಜಿಲ್ಲೆಗಳ ಕನ್ನಡ ಮಾಧ್ಯಮದ ಮಕ್ಕಳು ಮನೆಯಲ್ಲಿ ಅಕ್ಕನಿಂದಲೋ ಚಿಕ್ಕಮ್ಮನಿಂದಲೋ ಕಲಿತು ಅಲ್ಲಿ ಕುಳಿತುಕೊಳ್ಳುತ್ತಾರೆ. ಶಾಲೆ ಮುಗಿದ ಮೇಲೆ ಹೆಚ್ಚಿನವರ ಕೈಯಿಂದ ತಂಗೀಸು (ಮಣಿ ಪೋಣಿಸುವ ಗಡಸು ಪ್ಲಾಸ್ಟಿಕ್ ಎಳೆ) ಜಾರಿಹೋಗುತ್ತದೆ. ಕೆಲವರು ಮುಂದುವರಿಸುತ್ತಾರೆ, ನೆಂಟರಿಷ್ಟರಿಗೆ ಬಳೆ, ಕಿವಿಯೋಲೆ ಮಾಡಿ ಕೊಡುತ್ತಾರೆ. ಅವರಲ್ಲಿ ಒಬ್ಬಿಬ್ಬರನ್ನು ನೆರೆಮನೆಯವರೋ ಕುಟುಂಬಶ್ರೀ ಮಹಿಳಾ ಸ್ವಸಹಾಯ ಘಟಕದವರೋ ಕೇಳುತ್ತಾರೆ: "ನಮಗೂ ಹೇಳಿಕೊಡ್ತೀರಾ?"

ಆ ಪ್ರಶ್ನೆಗೆ ಹೂಂ ಎನ್ನುವ ಮೊದಲು ಯೋಚಿಸಬೇಕಾದ್ದಿದೆ. ಚೆಂದದ ಬಳೆ ಮಾಡಲು ಬಂದ ಮಾತ್ರಕ್ಕೆ ಕಲಿಸಲು ಬಂದಂತಾಗಲಿಲ್ಲ. ಬೇರೆಯವರು ಹೆಣೆದು ಕೆಡಿಸಿದ ತುಂಡನ್ನು ಕೈಗೆ ತೆಗೆದುಕೊಂಡು, ಯಾವ ಸಾಲಿನ ಯಾವ ಮಣಿಯಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಲು ಬಂದರೆ ಆಗ ಕಲಿಸಬಹುದು. ಪುಸ್ತಕ ಬರೆಯುವುದು ಇನ್ನೂ ಒಂದು ಹೆಜ್ಜೆ ಆಚೆ. ಓದುಗರ ಕೈಯಲ್ಲಿರುವ ತುಂಡು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ, ತಪ್ಪು ಎಲ್ಲಿ ಆಗಬಹುದು ಎಂಬುದನ್ನು ಮೊದಲೇ ಊಹಿಸಿ ಬರೆದಿರಬೇಕು.

ಮೇಳದ ಮಕ್ಕಳು ಮಾಡುವ ಮೂವತ್ತು ಮಣಿಯ ಚೆಂಡನ್ನೇ ನೋಡೋಣ. ಕೀ ಚೈನಿಗೂ ಬೊಂಬೆಯ ತಲೆಗೂ ಬಳಕೆಯಾಗುವ ಚೆಂಡು ಇದು. 6 ಮಿ.ಮೀ.ನ ಮುತ್ತುಮಣಿ 30, ತಂಗೀಸು ಸುಮಾರು 75 ಸೆಂ.ಮೀ. ಸೂಜಿ ಬೇಡ, ತಂಗೀಸಿನ ಎರಡು ತುದಿಗಳೇ ಸೂಜಿ. ಐದು ಮಣಿ ಪೋಣಿಸಿ, ಐದನೆಯ ಮಣಿಯೊಳಗೆ ಎರಡೂ ತುದಿಗಳನ್ನು ಎದುರುಬದುರಾಗಿ ದಾಟಿಸಿದರೆ ಮೊದಲ ಪಂಚಕೋನ ಆಯಿತು. ಎರಡನೆಯದಕ್ಕೆ 4 ಹೊಸ ಮಣಿ. ಮೂರು, ನಾಲ್ಕು, ಐದನೆಯದಕ್ಕೆ ತಲಾ 3, ಯಾಕೆಂದರೆ ಮೊದಲ ಪಂಚಕೋನದ ಒಂದು ಮಣಿಯೂ ಪಕ್ಕದ್ದರ ಒಂದು ಮಣಿಯೂ ಈಗಾಗಲೇ ಅಲ್ಲಿವೆ. ಆರನೆಯದಕ್ಕೆ ಎರಡೇ. ಇಲ್ಲಿಗೆ 20 ಮಣಿ ಮುಗಿದು ಕೆಲಸ ಬಟ್ಟಲಿನ ಆಕಾರಕ್ಕೆ ಬಂದಿರುತ್ತದೆ. ಮುಂದೆ 3, ಆಮೇಲೆ 2, 2, 2, ಕೊನೆಗೆ 1. ಹನ್ನೆರಡನೆಯ ಪಂಚಕೋನಕ್ಕೆ ಹೊಸ ಮಣಿಯೇ ಇಲ್ಲ. ಉಳಿದ ಐದು ಮಣಿಗಳೊಳಗೆ ತುದಿಯನ್ನು ಸುತ್ತಿಸಿ ಬಿಗಿದರೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಚೆಂಡಿನ ಅಡ್ಡಳತೆ ಸುಮಾರು ಎರಡೂವರೆ ಸೆಂ.ಮೀ. ಬರುತ್ತದೆ.

ಹವ್ಯಾಸಕ್ಕೆ ಮಾಡುವವರ ಬೆರಳಿಗೆ ಈ ಲೆಕ್ಕ ಗೊತ್ತಿರುತ್ತದೆ, ಬಾಯಿಗೆ ಗೊತ್ತಿರುವುದಿಲ್ಲ. "ಹೀಗೆ ಹಾಕಿ, ಹೀಗೆ ಎಳೆಯಿರಿ" ಎಂದು ಮಾಡಿ ತೋರಿಸುತ್ತಾರೆ. ಕಲಿಯುವವರು ತಪ್ಪುವುದು ಬಹುತೇಕ ಆರನೆಯ ಪಂಚಕೋನದಲ್ಲಿ. ಹಿಂದಿನ ಮೂರು ಸಲ ಮೂರು ಮೂರು ಹಾಕಿದ ಅಭ್ಯಾಸಬಲದಿಂದ ಅಲ್ಲೂ ಮೂರು ಹಾಕುತ್ತಾರೆ. ಆಗ ಅದು ಷಟ್ಕೋನವಾಗುತ್ತದೆ ಇಲ್ಲವೆ ಎರಡನೆಯ ಪಂಚಕೋನದ ಪಕ್ಕದ ಮಣಿ ಸೇರದೆ ಬಿಟ್ಟುಹೋಗುತ್ತದೆ. ಬಟ್ಟಲು ಒಂದು ಕಡೆ ಚಪ್ಪಟೆಯಾಗುತ್ತದೆ. ಕಾರಣ ಸರಳ: ಮೂರು ಪಂಚಕೋನಗಳು ಒಂದೆಡೆ ಕೂಡಿದರೆ ಹೆಣಿಗೆ ಬಾಗಲೇಬೇಕು, ಮೂರು ಷಟ್ಕೋನಗಳು ಕೂಡಿದರೆ ಮಟ್ಟಸವಾಗಿ ಹರಡುತ್ತದೆ, ಏಳು ಬದಿಯದ್ದು ಬಂದರೆ ಅಂಚು ಅಲೆಯಲೆಯಾಗಿ ಏಳುತ್ತದೆ. ಇದು ತಿಳಿದ ಟೀಚರ್ ಚಪ್ಪಟೆಯಾದ ಜಾಗವನ್ನು ನೋಡಿದ ಕೂಡಲೇ ಷಟ್ಕೋನ ಎಲ್ಲಿದೆ ಎಂದು ಹುಡುಕುತ್ತಾರೆ. ಅದೇ ತಿಳುವಳಿಕೆಯಿಂದ 12 ಪಂಚಕೋನ, 20 ಷಟ್ಕೋನ ಸೇರಿಸಿ 90 ಮಣಿಯ ದೊಡ್ಡ ಚೆಂಡಿಗೂ, ಚೌಕಗಳಿಂದ 12 ಮಣಿಯ ಪುಟ್ಟ ಚೆಂಡಿಗೂ ಹೋಗಬಹುದು. ಹೊಸ ವಿನ್ಯಾಸ ಹುಟ್ಟುವುದು ಕೂಡ ಇಲ್ಲಿಂದಲೇ.

ತಂಗೀಸಿನಿಂದ ಗಾಜಿನ ಸಣ್ಣ ಮಣಿಗೂ ನೂಲು ಸೂಜಿಗೂ ಬರುವುದು ಎರಡನೆಯ ಘಟ್ಟ. ಮಣಿಯ ಗಾತ್ರವನ್ನು 15/0, 11/0, 8/0, 6/0 ಎಂದು ಬರೆಯುತ್ತಾರೆ, ಅಂಕಿ ದೊಡ್ಡದಾದಷ್ಟೂ ಮಣಿ ಚಿಕ್ಕದು. 11/0 ದುಂಡು ಮಣಿ ಸುಮಾರು 2 ಮಿ.ಮೀ., 8/0 ಸುಮಾರು 3 ಮಿ.ಮೀ. ಜಪಾನಿನ ಮಿಯುಕಿ ಕಂಪನಿಯ ಡೆಲಿಕಾ ಎಂಬ ಕೊಳವೆಯಾಕಾರದ 11/0 ಮಣಿಯ ಅಡ್ಡಳತೆ 1.6 ಮಿ.ಮೀ., ತೂತಿನ ಉದ್ದ 1.3 ಮಿ.ಮೀ. ಗ್ರಾಮಿಗೆ ಹತ್ತಿರಹತ್ತಿರ 200 ಬರುತ್ತವೆ. ಜೆಕ್ ದೇಶದ ದುಂಡು ಮಣಿಯಲ್ಲಿ ದಪ್ಪ ತೆಳ್ಳಗಿನ ವ್ಯತ್ಯಾಸ ಸ್ವಲ್ಪ ಹೆಚ್ಚು. ನಮ್ಮ ದೇಶದ ಮಣಿಯಲ್ಲಿ ಇನ್ನೂ ಹೆಚ್ಚು. ಕರಗಿದ ಗಾಜನ್ನು ನಡುವೆ ಪೊಳ್ಳು ಇರುವಂತೆ ಉದ್ದಕ್ಕೆ ಎಳೆದು, ತುಂಡರಿಸಿ, ಮತ್ತೆ ಕಾಯಿಸಿ ಅಂಚು ದುಂಡಗೆ ಮಾಡುವುದು ಈ ಮಣಿಗಳ ಹುಟ್ಟು. ತಿರುಪತಿ ಸಮೀಪದ ಪಾಪನಾಯುಡುಪೇಟೆ ಈ ಎಳೆಗಾಜಿನ ಕೆಲಸಕ್ಕೆ ಹೆಸರಾದ ಊರು. ಎಳೆಯುವಾಗ ಕೊಳವೆ ಎಲ್ಲ ಕಡೆ ಒಂದೇ ದಪ್ಪ ಬರದಿದ್ದರೆ ಮಣಿಯೂ ಒಂದೇ ಗಾತ್ರ ಬರುವುದಿಲ್ಲ. ಅಂಚು ಸರಿಯಾಗಿ ಕರಗದಿದ್ದರೆ ಹರಿತ ಉಳಿದು ನೂಲನ್ನು ಕೊಯ್ಯುತ್ತದೆ. ಉದ್ದನೆಯ ಕೊಳವೆ ಮಣಿಗಳಲ್ಲಿ ಈ ತೊಂದರೆ ಜಾಸ್ತಿ. ಅದಕ್ಕೇ ಅವುಗಳ ಎರಡೂ ತುದಿಗೆ ಒಂದೊಂದು ದುಂಡು ಮಣಿ ಇಟ್ಟು ಹೆಣೆಯಬೇಕು.

ಅಗ್ಗದ ಮಣಿ ಬೇಡವೆಂದು ನಾವು ಹೇಳುವುದಿಲ್ಲ. ಆರಿಸಿಕೊಳ್ಳಬೇಕು. ವೆಲ್ವೆಟ್ ಬಟ್ಟೆಯ ಮೇಲೆ ಹರಡಿ, ತೀರ ತೆಳ್ಳಗಿನದು, ತೀರ ದಪ್ಪದ್ದು, ತೂತು ಓರೆಯಾದದ್ದು ಎಂದು ಬೇರ್ಪಡಿಸಿದರೆ ಆ ತೆಳು ಮತ್ತು ದಪ್ಪ ಮಣಿಗಳೂ ಬಾಗಿದ ಆಕಾರಗಳ ಹೆಣಿಗೆಯಲ್ಲಿ ಉಪಯೋಗಕ್ಕೆ ಬರುತ್ತವೆ. ಬಣ್ಣದ ಪರೀಕ್ಷೆಯನ್ನು ಮಾತ್ರ ತಪ್ಪಿಸಬಾರದು. ಗುಲಾಬಿ, ನೇರಳೆ ಮಣಿಗಳಲ್ಲಿ ಎಷ್ಟೋ ಮೇಲ್ಬಣ್ಣ ಹಚ್ಚಿದವು. ಹತ್ತು ಮಣಿಯನ್ನು ನೈಲ್ ಪಾಲಿಶ್ ರಿಮೂವರ್‌ನಲ್ಲಿ ನೆನೆಹಾಕಿ, ಇನ್ನು ಹತ್ತನ್ನು ಅರ್ಧ ಮುಚ್ಚಿ ಕಿಟಕಿಯ ಬಿಸಿಲಿಗೆ ಎರಡು ವಾರ ಇಡಿ. ಬಿಳಿ ಬಟ್ಟೆಗೆ ಉಜ್ಜಿ ನೋಡಿ. ಒಂದರಲ್ಲಾದರೂ ಬಣ್ಣ ಬಿಟ್ಟರೆ ಅಂಥ ಮಣಿಯನ್ನು ಮೈಗೆ ತಾಗುವ ಬಳೆಗೆ ಬಳಸಬೇಡಿ. ಇಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಬೆಳ್ಳಿಯ ಒಳಪದರ ಇರುವ ಮಣಿ ಕಪ್ಪಾಗುತ್ತದೆ, ಕಬ್ಬಿಣದ ಬಳೆಕೊಂಡಿ ತುಕ್ಕು ಹಿಡಿಯುತ್ತದೆ, ಹತ್ತಿ ನೂಲಿಗೆ ಬೂಷ್ಟು ಬರುತ್ತದೆ. ಮಣಿಯನ್ನು ತಿರುಪು ಮುಚ್ಚಳದ ಬಾಟಲಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುವುದು ಆಷಾಢದ ಮೊದಲೇ ಆಗಬೇಕಾದ ಕೆಲಸ.

ನೂಲಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಗಟ್ಟಿ. ತಂಗೀಸು ದೊಡ್ಡ ಮಣಿಯ ಬೊಂಬೆಗೆ, ಕೀ ಚೈನಿಗೆ ಸರಿ. ಬಳೆಗೆ, ಸರಕ್ಕೆ ಬೇಡ. ಅದು ಬಿಸಿಲಿಗೆ ಗಡಸಾಗಿ ಒಡೆಯುತ್ತದೆ, ಗಂಟು ಜಾರುತ್ತದೆ, ಸುರುಳಿಯ ನೆನಪು ಬಿಡುವುದಿಲ್ಲ. ಸಣ್ಣ ಮಣಿಗೆ ನೈಲಾನ್ ಬೀಡಿಂಗ್ ನೂಲು ಅಥವಾ ಹೆಣೆದ ಮೀನುಗಾಳದ ನೂಲು ಒಳ್ಳೆಯದು. ನೈಲಾನ್ ನೂಲನ್ನು ಬಳಸುವ ಮೊದಲು ಎರಡು ಕೈಯಲ್ಲಿ ಹಿಡಿದು ಚೆನ್ನಾಗಿ ಎಳೆದು, ಮೇಣ ಸವರಬೇಕು. ಎಳೆಯದೆ ಹೆಣೆದರೆ ತೊಟ್ಟ ಮೇಲೆ ಹಿಗ್ಗಿ, ಮಣಿಗಳ ನಡುವೆ ನೂಲು ಕಾಣಿಸಿಕೊಳ್ಳುತ್ತದೆ. 11/0 ಮಣಿಗೆ 10 ಅಥವಾ 12ನೇ ನಂಬರಿನ ಸೂಜಿ, 15/0ಕ್ಕೆ 12 ಅಥವಾ 13.

ಹೆಣಿಗೆಯ ವಿಧಗಳಲ್ಲಿ ಮೊದಲು ಕಲಿಸಲು ತಕ್ಕದ್ದು ಸಮಸಂಖ್ಯೆಯ ಪೆಯೋಟಿ, ಅಂದರೆ ಇಟ್ಟಿಗೆ ಗೋಡೆಯಂತೆ ಒಂದು ಬಿಟ್ಟು ಒಂದು ಮಣಿ ಕೂರಿಸುವ ಹೆಣಿಗೆ. 12 ಮಣಿ ಪೋಣಿಸಿ. 13ನೆಯದನ್ನು ತೆಗೆದುಕೊಂಡು, 12ನೆಯದನ್ನು ಬಿಟ್ಟು 11ನೆಯದರೊಳಗೆ ಸೂಜಿ ದಾಟಿಸಿ. 14ನೆಯದು, 10 ಬಿಟ್ಟು 9ರೊಳಗೆ. ಹೀಗೆ 7, 5, 3, 1ರ ತನಕ. ಆರು ಹೊಸ ಮಣಿ ಕುಳಿತವು, ಮೊದಲು ಪೋಣಿಸಿದ 12 ಮಣಿ ಎರಡು ಸಾಲಾಗಿ ಒಡೆದುಕೊಂಡವು, ಒಟ್ಟು ಮೂರು ಸಾಲು. ಈ ಮೂರು ಸಾಲೇ ಕಷ್ಟ. ಹೆಣಿಗೆ ತಿರುಚಿಕೊಳ್ಳುತ್ತದೆ, ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗುವುದಿಲ್ಲ. ತರಗತಿಯಲ್ಲಿ ಹೆಚ್ಚಿನವರು ಕೈಬಿಡುವುದು ಇಲ್ಲೇ. ಉಪಾಯ ಏನೆಂದರೆ ಮೊದಲ 12 ಮಣಿಯನ್ನು ಕಪ್ಪು, ಬಿಳಿ ಒಂದು ಬಿಟ್ಟು ಒಂದು ಪೋಣಿಸಿ, ಕಪ್ಪಿನಿಂದ ಆರಂಭಿಸಿ, ಮೂರನೆಯ ಸಾಲಿಗೆ ಕೆಂಪು ಕೊಡುವುದು. 1, 3, 5 ಎಲ್ಲ ಕಪ್ಪೇ ಆದ್ದರಿಂದ "ಕೆಂಪು ತೆಗೆದುಕೊಳ್ಳಿ, ಬಿಳಿ ಬಿಡಿ, ಕಪ್ಪಿನೊಳಗೆ ಹೋಗಿ" ಎಂದರೆ ಎಣಿಸುವ ಕಷ್ಟ ತಪ್ಪುತ್ತದೆ. ಇದಕ್ಕೆ 8/0 ಮಣಿ ಸಾಕು. 11/0ರಲ್ಲಿ ಮೊದಲ ಪಾಠ ಹೇಳಬಾರದು.

ಮುಂದೆ ಬರುವ ತಪ್ಪುಗಳು ನಾಲ್ಕೈದೇ, ಆದರೆ ಅವುಗಳ ಗುರುತು ಬೇರೆ ಬೇರೆ. ನಡುವೆ ಕಿಂಡಿ ಕಂಡರೆ ಸಾಲಿನಿಂದ ಮೇಲೆ ಎದ್ದು ನಿಂತ ಒಂದು ಮಣಿಯನ್ನು ಬಿಟ್ಟು ಮುಂದಕ್ಕೆ ಹೋಗಿದ್ದಾರೆ. ಉಬ್ಬು ಬಂದರೆ ಒಂದು ಕಿಂಡಿಗೆ ಎರಡು ಮಣಿ ಬಿದ್ದಿದೆ. ಒಂದು ಅಂಚು ನೇರವಿದ್ದು ಇನ್ನೊಂದು ಒಳಕ್ಕೆ ಸರಿಯುತ್ತಿದ್ದರೆ, ತಿರುಗುವಾಗ ಆ ಬದಿಯಲ್ಲಿ ಹೊಸ ಮಣಿ ತೆಗೆದುಕೊಳ್ಳದೆ ಹಿಂದಿರುಗಿದ್ದಾರೆ. ಇಡೀ ತುಂಡು ಬಿಲ್ಲಿನಂತೆ ಬಾಗಿದರೆ ಒಂದು ಬದಿಯಿಂದ ಬರುವಾಗ ಬಿಗಿ, ಇನ್ನೊಂದು ಬದಿಯಿಂದ ಬರುವಾಗ ಸಡಿಲ. ಬಲಗೈಯವರಲ್ಲಿ ಎಡದಿಂದ ಬಲಕ್ಕೆ ಹೆಣೆಯುವ ಸಾಲು ಸಡಿಲವಾಗುವುದು ಸಾಮಾನ್ಯ. ಪ್ರತಿ ಸಾಲಿಗೂ ತುಂಡನ್ನು ಮಗುಚಿಕೊಂಡು ಯಾವಾಗಲೂ ಒಂದೇ ದಿಕ್ಕಿಗೆ ಹೆಣೆದರೆ ಸರಿಹೋಗುತ್ತದೆ. ಬಿಚ್ಚುವಾಗ ಸೂಜಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ನುಗ್ಗಿಸಬಾರದು, ಅದು ನೂಲಿನ ಎಳೆಯನ್ನೇ ಚುಚ್ಚಿ ಸಿಕ್ಕಿಸುತ್ತದೆ. ಸೂಜಿ ಕಳಚಿ ನೂಲನ್ನು ಒಂದೊಂದೇ ಮಣಿಯಿಂದ ಎಳೆದು ತೆಗೆಯಿರಿ. ಬಹಳ ಹಿಂದಿನ ಸಾಲಿನಲ್ಲಿ ಹೆಚ್ಚುವರಿ ಮಣಿ ಇದ್ದರೆ ಬಿಚ್ಚುವುದೇ ಬೇಡ. ಅದರ ತೂತಿಗೆ ದಬ್ಬಳದ ಮೊನೆ ಇಟ್ಟು ಒತ್ತಿದರೆ ಮಣಿ ಹೊರಕ್ಕೆ ಸಿಡಿಯುತ್ತದೆ. ಪ್ಲೈಯರ್‌ನಿಂದ ಹಿಸುಕಿದರೆ ಗಾಜಿನ ಚೂರು ಒಳಕ್ಕೆ ಒತ್ತಿ ನೂಲನ್ನು ಕತ್ತರಿಸುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಮೇಲೆ ಬಟ್ಟೆ ಮುಚ್ಚಿ.

ಈ ಗುರುತುಗಳನ್ನು ಕಲಿಯಲು ಬೇಗದ ದಾರಿ ರಿಪೇರಿ ಕೆಲಸ. ಹರಿದ ಕರಿಮಣಿ ಸರ, ತುಂಡಾದ ಬಳೆ, ಯಕ್ಷಗಾನ ವೇಷದ ಮಣಿ ಹೊಲಿದ ಆಭರಣ, ಯಾವುದು ಬಂದರೂ ಬಿಚ್ಚುವ ಮೊದಲು ಫೋಟೋ ತೆಗೆದು, ಹರಿದ ಜಾಗ ಯಾವುದೆಂದು ಬರೆದಿಡಿ. ಕರಿಮಣಿ ಸರ ಹರಿಯುವುದು ಹೆಚ್ಚಾಗಿ ಕೊಂಡಿಯ ಹತ್ತಿರ ಅಥವಾ ಚಿನ್ನದ ಗುಂಡಿನ ಪಕ್ಕ, ಲೋಹದ ತೂತಿನ ಅಂಚಿಗೆ ನೂಲು ಉಜ್ಜಿ. ವೇಷದ ಸಾಮಾನಿನಲ್ಲಿ ಮಣಿ ಉದುರುವುದು ಕಟ್ಟುವ ಹಗ್ಗ ಎಳೆಯುವ ಅಂಚಿನಲ್ಲಿ, ಬೆವರು ಕುಡಿದ ಬಟ್ಟೆ ಮೊದಲು ಜೀರ್ಣವಾಗುವಲ್ಲಿ. ಹಾಗಾಗಿ ಅಲ್ಲಿ ಹೊಸ ಮಣಿ ಹೊಲಿಯುವ ಮೊದಲು ಒಳಬದಿಗೆ ಗಟ್ಟಿ ಬಟ್ಟೆ ಕೊಡಬೇಕು, ನಾಲ್ಕೈದು ಮಣಿಗೊಮ್ಮೆ ಗಂಟು ಹಾಕಬೇಕು. ಹೊಸದು ಮಾಡುವುದರಲ್ಲೇ ಇರುವವರಿಗೆ ತಮ್ಮ ಕೆಲಸ ಎರಡು ವರ್ಷದ ನಂತರ ಎಲ್ಲಿ ಸೋಲುತ್ತದೆ ಎಂಬುದು ತಿಳಿಯುವುದೇ ಇಲ್ಲ.

ತರಗತಿಗೆ ಬರೋಣ. ಒಬ್ಬ ಟೀಚರಿಗೆ ಎಂಟು ಜನ ಸಾಕು. ಹನ್ನೆರಡಾದರೆ ಕೊನೆಯವರು ತಪ್ಪಿಕೊಂಡು ಹತ್ತು ಸಾಲು ಹೋದ ಮೇಲೆ ನಮ್ಮ ಕಣ್ಣಿಗೆ ಬೀಳುತ್ತದೆ. ಪೊಟ್ಟಣವನ್ನು ಲೆಕ್ಕ ಹಾಕಿ ಮೊದಲೇ ಕಟ್ಟಿಡಬೇಕು. 12 ಕಂಬಸಾಲಿನ (ಪಟ್ಟಿಯ ಉದ್ದಕ್ಕೆ ಹೋಗುವ ಸಾಲು), 16 ಸೆಂ.ಮೀ. ಉದ್ದದ ಡೆಲಿಕಾ ಬಳೆಪಟ್ಟಿ ಎಂದಿಟ್ಟುಕೊಳ್ಳಿ. ಅಗಲ 12 × 1.3, ಅಂದರೆ ಒಂದೂವರೆ ಸೆಂ.ಮೀ.ಗೆ ತುಸು ಹೆಚ್ಚು. ಒಂದು ಕಂಬಸಾಲಿನಲ್ಲಿ 160 ÷ 1.6 = 100 ಮಣಿ, ಒಟ್ಟು 1,200 ಮಣಿ, 6 ಗ್ರಾಂ. ಬಿದ್ದುಹೋಗುವುದಕ್ಕೂ ಕೆಟ್ಟ ಮಣಿಗೂ ಸೇರಿಸಿ 7 ಗ್ರಾಂ ಕೊಡಿ. ಪೆಯೋಟಿಯಲ್ಲಿ ಇದು ಸಾಲಿಗೆ ಆರು ಮಣಿಯಂತೆ 200 ಸಾಲು. ಪ್ರತಿ ಸಾಲಿಗೆ ನೂಲು ಅಗಲದುದ್ದಕ್ಕೂ ಒಮ್ಮೆ ಹಾದು ತಿರುಗುತ್ತದೆ, ಸುಮಾರು 17 ಮಿ.ಮೀ., ಒಟ್ಟು 3.4 ಮೀಟರ್. ಹೊಸಬರಿಗೆ ಒಂದೂವರೆ ಮೀಟರಿಗಿಂತ ಉದ್ದದ ನೂಲು ಕೊಟ್ಟರೆ ಗಂಟು ಬೀಳುತ್ತದೆ. ಒಂದೂವರೆ ಮೀಟರಿನಲ್ಲಿ ಎರಡು ತುದಿಗೆ 15 ಸೆಂ.ಮೀ.ನಂತೆ ಕಳೆದರೆ ಕೆಲಸಕ್ಕೆ ಸಿಗುವುದು 1.2 ಮೀಟರ್. ಮೂರು ತುಂಡು ಬೇಕು, ನಾಲ್ಕು ಇಡಿ. ದುಂಡು ಮಣಿಯಾದರೆ ಈ ಲೆಕ್ಕ ನಡೆಯದು. ಒಂದು ಗ್ರಾಂ ತೂಗಿ ಎಣಿಸಿ, ಮೂರು ಸಲ ಹಾಗೆ ಮಾಡಿ ಸರಾಸರಿ ಹಿಡಿಯಬೇಕು. 0.01 ಗ್ರಾಂ ತೋರಿಸುವ ಚಿಕ್ಕ ತೂಕದ ಯಂತ್ರ ಕಲಿಸುವವರ ಮೊದಲ ಖರೀದಿ ಆಗಲಿ.

ಬದಿಯಡ್ಕದಲ್ಲೋ ಉಪ್ಪಳದಲ್ಲೋ ಒಂದು ಕೋಣೆಯಲ್ಲಿ ಎಂಟು ಜನ ಕುಳಿತರೆ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಇರುತ್ತದೆ. ಹಾಗಾಗಿ ಪಾಠದ ಭಾರವನ್ನು ಚಿತ್ರ ಹೊರಬೇಕು. ಬಿಳಿ ಹಲಗೆಯ ಮೇಲೆ ದೊಡ್ಡ ವೃತ್ತಗಳು, ನೂಲಿನ ದಾರಿಗೆ ಬಾಣ, ಹೊಸ ಮಣಿಗೆ ಬಣ್ಣ, ಹಳೆಯದಕ್ಕೆ ಬರಿ ಗೆರೆ. ಜೊತೆಗೆ ದಪ್ಪ ಮರದ ಮಣಿ ಮತ್ತು ಶೂ ಲೇಸಿನಂಥ ದಾರದಲ್ಲಿ ಹೆಣೆದ ಮಾದರಿಯನ್ನು ಕೈಯಿಂದ ಕೈಗೆ ಕೊಟ್ಟರೆ "ಟೀಚರೇ, ನಂದು ಯಾಕೆ ಓರೆ ಹೋಗ್ತದೆ?" ಎನ್ನುವವರು ತಾವೇ ಹೋಲಿಸಿ ನೋಡುತ್ತಾರೆ. ಎಡಗೈಯವರನ್ನು ಎದುರಿಗೆ ಕೂರಿಸಿ, ಬಲಗೈಯವರನ್ನು ಪಕ್ಕಕ್ಕೆ. ಕಲಿಯುವವರ ತುಂಡನ್ನು ತೆಗೆದುಕೊಂಡು ನಾವೇ ಸರಿಮಾಡಿ ಕೊಡುವ ಆಸೆಯನ್ನು ತಡೆದುಕೊಳ್ಳಬೇಕು. ತಪ್ಪಿದ ಮಣಿಗೆ ಸೇಫ್ಟಿ ಪಿನ್ ಸಿಕ್ಕಿಸಿ ಅಲ್ಲಿವರೆಗೆ ಬಿಚ್ಚಿಸುವುದು ನಿಧಾನ, ಆದರೆ ಮುಂದಿನ ಸಲ ಅವರೇ ಹುಡುಕುತ್ತಾರೆ. ಪ್ರತಿ ತರಗತಿಯ ನಂತರ ಯಾವ ಸಾಲಿನಲ್ಲಿ ಎಷ್ಟು ಜನ ನಿಂತರು ಎಂದು ಬರೆದಿಟ್ಟ ನೋಟು ಪುಸ್ತಕ ಇರಲಿ. ಬರೆಯಲು ಕುಳಿತಾಗ ಇದಕ್ಕಿಂತ ದೊಡ್ಡ ಬಂಡವಾಳ ಬೇರೆ ಇಲ್ಲ.

ಬರವಣಿಗೆಯಲ್ಲಿ ಒಂದು ವಿನ್ಯಾಸಕ್ಕೆ ಬೇಕಾದ್ದು ಇಷ್ಟು: ಮಣಿಯ ಗಾತ್ರ, ಬಣ್ಣ ಮತ್ತು ಗ್ರಾಂ (ಪ್ರತಿ ಬಣ್ಣಕ್ಕೆ ಅ, ಆ, ಇ ಎಂದು ಗುರುತು), ನೂಲಿನ ಜಾತಿ ಮತ್ತು ಉದ್ದ, ಸೂಜಿಯ ನಂಬರು, ಮುಗಿದ ಮೇಲಿನ ಅಳತೆ. ಆಮೇಲೆ ಹಂತಗಳು. ಒಂದು ಹಂತಕ್ಕೆ ಒಂದೇ ಕ್ರಿಯೆ, ಒಂದೇ ಚಿತ್ರ. ಪ್ರತಿ ಹಂತದ ಕೊನೆಗೆ ನೂಲು ಈಗ ಯಾವ ಮಣಿಯಿಂದ ಹೊರಬರುತ್ತಿದೆ, ಒಟ್ಟು ಎಷ್ಟು ಮಣಿ ಆಗಿರಬೇಕು ಎಂದು ಬರೆಯಲೇಬೇಕು. "ಇಲ್ಲಿಗೆ 20 ಮಣಿ, ಅಂಚಿನಲ್ಲಿ 10" ಎಂಬ ಒಂದು ಸಾಲು ಚೆಂಡಿನ ಆರನೆಯ ಪಂಚಕೋನದ ತಪ್ಪನ್ನು ಅಲ್ಲೇ ಹಿಡಿಯುತ್ತದೆ. "ಹೀಗೆಯೇ ಮುಂದುವರಿಸಿ" ಎಂಬ ಮಾತನ್ನು ಬರೆಯುವ ಮೊದಲು ಎಲ್ಲಿಂದ ಎಲ್ಲಿಗೆ, ಎಷ್ಟು ಸಲ ಎಂದು ಹೇಳಿದ್ದೀರಾ ನೋಡಿ. ಚಿತ್ರಪಟವನ್ನು (ಮಣಿಗೊಂದು ಚೌಕದಂತೆ ಬರೆದ ನಕ್ಷೆಯನ್ನು) ಕಪ್ಪುಬಿಳುಪಿನಲ್ಲಿ ಮುದ್ರಿಸುವುದಾದರೆ ಬಣ್ಣವನ್ನು ನಂಬಬೇಡಿ, ಚೌಕದೊಳಗೆ ಅಕ್ಷರ ಹಾಕಿ. ತಿಳಿನೀಲಿಯೂ ತಿಳಿಗುಲಾಬಿಯೂ ಮುದ್ರಣದಲ್ಲಿ ಒಂದೇ ಬೂದಿಯಾಗಿಬಿಡುತ್ತವೆ. ಫೋಟೋಕ್ಕೆ ಮಳೆಗಾಲದ ಮೋಡದ ಬೆಳಕು, ಜಗಲಿ, ಹಿನ್ನೆಲೆಗೆ ಹೊಳಪಿಲ್ಲದ ಬೂದು ಕಾಗದ. ಫ್ಲ್ಯಾಷ್ ಹಾಕಿದರೆ ಗಾಜು ಮಿಂಚಿ ನೂಲಿನ ದಾರಿ ಕಾಣುವುದಿಲ್ಲ.

ಬರೆದದ್ದನ್ನು ಕನಿಷ್ಠ ಮೂವರಿಂದ ಮಾಡಿಸಿ ನೋಡಬೇಕು: ಕೆಲಸ ಬಲ್ಲವರೊಬ್ಬರು, ಹೊಸಬರೊಬ್ಬರು, ಕನ್ನಡ ಓದಲು ಬಾರದೆ ಚಿತ್ರ ನೋಡಿ ಮಾತ್ರ ಹೆಣೆಯುವವರೊಬ್ಬರು. ಪಕ್ಕದಲ್ಲಿ ಕುಳಿತು ಬಾಯಿ ತೆರೆಯಬಾರದು. ಉಳಿದ ಮಣಿಯ ತೂಕ, ಉಳಿದ ನೂಲು, ಹಿಡಿದ ಸಮಯ, ಬಿಚ್ಚಿದ ಜಾಗ, ಈ ನಾಲ್ಕನ್ನು ಅವರೇ ಬರೆದು ಕೊಡಲಿ. ಬಲ್ಲವರು ತಪ್ಪು ಹಂತವನ್ನೂ ಅಂದಾಜಿನ ಮೇಲೆ ದಾಟಿಬಿಡುತ್ತಾರೆ, ಆದ್ದರಿಂದ ಹೊಸಬರ ಮಾತಿಗೆ ಬೆಲೆ ಹೆಚ್ಚು.

ಹೆಣಿಗೆಯ ವಿಧಾನ ಯಾರದ್ದೂ ಸ್ವಂತದ್ದಲ್ಲ. ಪೆಯೋಟಿ ಮಾದರಿಯ ಹೆಣಿಗೆ ಪ್ರಾಚೀನ ಈಜಿಪ್ಟಿನ ಮಣಿ ಕೆಲಸದಲ್ಲೇ ಇದೆ. ಹೆರಿಂಗ್‌ಬೋನ್ ಎಂಬ ಹೆಣಿಗೆ ದಕ್ಷಿಣ ಆಫ್ರಿಕಾದ ಎನ್‌ಡೆಬೆಲೆ ಜನರ ಕೈಯಿಂದ ಬಂದದ್ದು, ಅದನ್ನು ಹೇಳಿಯೇ ಬರೆಯುವುದು ಮರ್ಯಾದೆ. ಆದರೆ ಇನ್ನೊಬ್ಬರು ಬರೆದ ಚಿತ್ರ, ವಿವರಣೆ 1957ರ ಕೃತಿಸ್ವಾಮ್ಯ ಕಾಯ್ದೆಯ ಅಡಿ ಅವರದ್ದು. ಅವರ ಹಾಳೆಯನ್ನು ಜೆರಾಕ್ಸ್ ಮಾಡಿ ತರಗತಿಯಲ್ಲಿ ಹಂಚುವುದು ಈ ಕೆಲಸದಲ್ಲಿ ತೀರ ಸಾಮಾನ್ಯವಾಗಿಬಿಟ್ಟಿದೆ, ಅದು ನಿಲ್ಲಬೇಕು. ಕಲಿಸುವವರು ತಮ್ಮ ಹಾಳೆಯನ್ನು ತಾವೇ ಬರೆದುಕೊಂಡರೆ ಪುಸ್ತಕದ ಅರ್ಧ ಕೆಲಸವೂ ಆಗಿರುತ್ತದೆ.

ಮೊದಲ ಪುಸ್ತಕ 32 ಅಥವಾ 48 ಪುಟ ಸಾಕು, ವಿನ್ಯಾಸ ಎಂಟೋ ಹತ್ತೋ. ಮಧ್ಯದಲ್ಲಿ ಪಿನ್ ಹೊಡೆದ ಪುಸ್ತಕವೇ ಒಳ್ಳೆಯದು, ಮೇಜಿನ ಮೇಲೆ ಬಿಚ್ಚಿಟ್ಟರೆ ಹಾಗೇ ಇರುತ್ತದೆ. ಬೆನ್ನಿಗೆ ಗೋಂದು ಹಾಕಿದ್ದು ತಾನಾಗಿ ಮುಚ್ಚಿಕೊಳ್ಳುತ್ತದೆ, ಎರಡು ಕೈಯೂ ಹೆಣಿಗೆಯಲ್ಲಿರುವವರಿಗೆ ಅದು ದೊಡ್ಡ ಕಿರಿಕಿರಿ. ಪಿನ್ ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲಿ ಬರಬೇಕು. ಒಂದು ವಿನ್ಯಾಸದ ಚಿತ್ರಪಟ ಮತ್ತು ಅದರ ಹಂತಗಳು ಎದುರುಬದುರು ಪುಟದಲ್ಲಿ ಬರುವಂತೆ ಜೋಡಿಸಿದರೆ ಹಾಳೆ ಮಗುಚುವುದು ತಪ್ಪುತ್ತದೆ. ಐಎಸ್‌ಬಿಎನ್ ಸಂಖ್ಯೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ, ಲೇಖಕರೇ ಪ್ರಕಾಶಕರಾಗಿದ್ದರೂ ಅರ್ಜಿ ಹಾಕಬಹುದು.

ಮೊದಲ ಮುದ್ರಣವನ್ನು ಕಡಿಮೆ ಪ್ರತಿಗಳಲ್ಲಿ ನಿಲ್ಲಿಸಿ. ಎಷ್ಟು ಜನರಿಂದ ಮಾಡಿಸಿ ನೋಡಿದರೂ ಚಿತ್ರಪಟದಲ್ಲಿ ಒಂದು ಚೌಕವೋ ಪಟ್ಟಿಯಲ್ಲಿ ಒಂದು ಗ್ರಾಮೋ ತಪ್ಪಿರುತ್ತದೆ, ಕೊಂಡವರು ಹೇಳುತ್ತಾರೆ. ಪ್ರತಿ ವಿನ್ಯಾಸದ ಕೆಳಗೆ ತಿಂಗಳು, ವರ್ಷ ನಮೂದಿಸಿ. ತಿದ್ದುಪಡಿಯನ್ನು ಪುಟಸಂಖ್ಯೆ, ಹಂತ, ಹಳೆಯದು, ಹೊಸದು ಎಂದು ಒಂದು ಚೀಟಿಯಲ್ಲಿ ಅಚ್ಚುಹಾಕಿಸಿ ಉಳಿದ ಪ್ರತಿಗಳೊಳಗೆ ಇಡಿ, ಕೊಂಡವರಿಗೆ ವಾಟ್ಸ್ಯಾಪ್‌ನಲ್ಲಿ ಕಳಿಸಿ. ಎರಡನೆಯ ಮುದ್ರಣಕ್ಕೆ ಕೊಡುವ ಮೊದಲು ಬದಲಾದ ಪ್ರತಿ ವಿನ್ಯಾಸವನ್ನು ಮತ್ತೊಮ್ಮೆ ಹೊಸ ಕೈಯಿಂದ ಹೆಣೆಸಿ, ಉಳಿದ ಮಣಿಯನ್ನು ತೂಗಿ.